ಒಂದು ರಿಂಗ್ ಕೊಟ್ಟು ಕಟ್

ಮಾರ್ಚ್ 4, ಮಂಗಳವಾರ

ಅಕ್ಕಾ!!!

ಬಂತು! ಬಂತು ಬಂತು ಬಂತು! ಬೆಳಿಗ್ಗೆ ಎದ್ದು ನೋಡ್ತೀನಿ, ಫೋನಲ್ಲಿ ಹೊಸ ಸಿಸ್ಟಮ್ ಇಳಿದು ಕೂತಿದೆ. ನಮ್ಮ ಬಳಗದಲ್ಲಿ ಇದಕ್ಕೆ 'ತಂಗಾಳಿ' ಅಂತ ಹೆಸರಿಟ್ಟಿದೀವಿ. ಬಳಗ ಅಂದ್ರೆ ಫೋನ್ ಅಭಿಮಾನಿಗಳ ಗುಂಪು, ನೀನು 'ಕೆಲಸ ಇಲ್ಲದವರ ಸಂಘ' ಅಂತೀಯಲ್ಲ, ಅದೇ. ನೀನು ನನ್ನ ಜೊತೆ ಫೋನಲ್ಲಿ ಮಾತಾಡಲ್ಲ, ಚಾಟಿಗೆ ಉತ್ತರ ಕೊಡಲ್ಲ, 'ಪತ್ರ ಬರಿ, ಪೂರ್ತಿ ವಾಕ್ಯದಲ್ಲಿ ಬರಿ' ಅಂತೀಯ. ಸೋ ಇಗೋ ಪತ್ರ.

ನಿನ್ನ ಫೋನಿಗೂ ಬಂದಿರುತ್ತೆ ನೋಡು, ಊರಿಗೆಲ್ಲ ಬರೋಕೆ ಮೊದಲೇ! ಹೋದ ಸಲ ರಜಕ್ಕೆ ಬಂದಾಗ ನಿನ್ನ ಫೋನನ್ನೂ ಬೀಟಾಗೆ, ಅಂದ್ರೆ ಮೊದಲೇ ಪರೀಕ್ಷೆ ಮಾಡೋರ ಪಟ್ಟಿಗೆ, ಸೇರಿಸಿದ್ನಲ್ಲ, 'ಏನಾದ್ರೂ ಮಾಡ್ಕೋ, ನನ್ನ ಅಲಾರಂ ಮಾತ್ರ ಮುಟ್ಬೇಡ' ಅಂದಿದ್ದೆ ನೀನು. ಮುಟ್ಟಿಲ್ಲ.

ಗಡಿಯಾರ ಎಡಕ್ಕೆ ಬಂದಿದೆ, ಎಷ್ಟು ಉಸಿರಾಡೋ ಹಾಗಿದೆ ಅಲ್ವಾ ಸ್ಕ್ರೀನು? ಹಿಂದೆ ಹೋಗೋ ಬಟನ್ ಇಲ್ಲ, ಬೆರಳು ಸವರಿದ್ರೆ ಸಾಕು. ಐಕಾನೆಲ್ಲ ಗಾಜಿನ ಥರ. ಇನ್ನೊಂದು ವಿಷಯ ಕೇಳು, ಕೂತ್ಕೊಂಡು ಕೇಳು. ಒಂದೇ ಒಂದು ರಿಂಗ್ ಕೊಟ್ಟು ಕಟ್ ಮಾಡೋ ಕಳ್ಳ ಕರೆಗಳು ಬರ್ತಾವಲ್ಲ, ವಾಪಸ್ ಮಾಡಿದ್ರೆ ಬ್ಯಾಲೆನ್ಸೆಲ್ಲ ನುಂಗ್ತಾವಲ್ಲ? ಅವಕ್ಕೊಂದು ಜರಡಿ ಬೇಕು ಅಂತ ಬಳಗದಲ್ಲಿ ಚರ್ಚೆಯ ಥ್ರೆಡ್ ಶುರು ಮಾಡಿದ್ದು ಯಾರು? ನಾನು! ಕೊಟ್ಟಿದ್ದಾರೆ! ಅಪ್‌ಡೇಟ್ ವಿವರದ ಕೊನೇಲಿ, ಇರುವೆ ಸೈಜಿನ ಅಕ್ಷರದಲ್ಲಿ 'ಬಳಗದ ಸಲಹೆ' ಅಂತ ಇದೆ. ಆ ಇರುವೆ ನಿನ್ನ ತಮ್ಮ.

ಹೇಗನ್ನಿಸ್ತು ಬರಿ. ಸ್ಕ್ರೀನ್‌ಶಾಟ್ ಇದ್ರೆ ಇನ್ನೂ ಒಳ್ಳೇದು.

ಮೋಟು


ಮಾರ್ಚ್ 6, ಗುರುವಾರ

ಮೋಟು,

ಲ್ಯಾಬಿನ ಕಂಪ್ಯೂಟರಲ್ಲಿ ಬರೀತಿದೀನಿ. ಫೋನಲ್ಲಿ ಬರೆಯೋಣ ಅಂದ್ರೆ ಕೀಲಿಮಣೆ ಜಾಗ ಬದಲಾಯಿಸಿ, ಅಲ್ಪವಿರಾಮ ಇದ್ದ ಕಡೆ ನಗೋ ಮುಖ ಬಂದು ಕೂತಿದೆ. ನಿನ್ನೆ ಡಾಕ್ಟರಿಗೆ 'ಮೇಲಿನ ಸೆಟ್ ರೆಡಿ' ಅಂತ ಕಳಿಸೋಕೆ ಹೋಗಿ ಒಂದು ನಗೋ ಮುಖ, ಒಂದು ಅಳೋ ಮುಖ, ಒಂದು ಆನೆ ಕಳಿಸಿದೀನಿ. ಪುಣ್ಯಾತ್ಮ 'ಆಯ್ತು' ಅಂತ ಉತ್ತರ ಕೊಟ್ಟಿದ್ದಾರೆ.

ನನ್ನ ಕೆಲಸ ನಿಂಗೆ ಗೊತ್ತು. ಹಲ್ಲಿನ ಸೆಟ್ ಮಾಡೋಳು ನಾನು. ಹಳೇ ಸೆಟ್ ಸವೆದಿದೆ ಅಂತ ಒಬ್ಬ ಅಜ್ಜ ಬಂದ್ರೆ ಹೊಸದನ್ನ ಮೇಣದಲ್ಲಿ ಮಾಡಿ, ಬಾಯಿಗಿಟ್ಟು, ಕಚ್ಚಿಸಿ ನೋಡಿ, 'ಇಲ್ಲಿ ಒತ್ತುತ್ತಾ, ಅಲ್ಲಿ ಚುಚ್ಚುತ್ತಾ' ಅಂತ ಕೇಳಿ ಆಮೇಲೆ ಕೊಡ್ತೀವಿ. ನಿಮ್ಮೋರು ಏನು ಮಾಡಿದಾರೆ? ಮಲಗಿದ್ದಾಗ ಬಂದು ಬಾಯಲ್ಲಿದ್ದ ಹಲ್ಲು ಕಿತ್ತು, ಬೇರೆ ಯಾರದ್ದೋ ಸೆಟ್ ತುರುಕಿ, ಬೆಳಿಗ್ಗೆ 'ನೋಡಿ ಎಷ್ಟು ಹೊಳೀತಿದೆ' ಅಂತಿದಾರೆ. ಹೊಳೆಯೋದು ನನಗೇನಕ್ಕೋ? ನಾನು ಊಟ ಮಾಡಬೇಕು.

ಕೈಯೆಲ್ಲ ಅಚ್ಚು ತೆಗೆಯೋ ಪ್ಲಾಸ್ಟರ್ ಇರುತ್ತೆ. ಕಪಾಟಿನ ಮೇಲೆ ಫೋನ್ ಇಟ್ಟು, ಬೇಕಾದಾಗ ಬೆರಳ ಗೆಣ್ಣಲ್ಲಿ ಒತ್ತಿದ್ರೆ ಅಪ್ಪನ ನಂಬರಿಗೆ ಹೋಗ್ತಿತ್ತು. ಕಣ್ಣು ಮುಚ್ಚಿ ಒತ್ತುತ್ತಿದ್ದೆ. ಈಗ ಆ ಜಾಗದಲ್ಲಿ ಹವಾಮಾನ ಇದೆ. ಹೊರಗೆ ಬಿಸಿಲಿದೆ ಅಂತ ಹೇಳೋಕೆ ನನಗೆ ಕಿಟಕಿ ಇದೆ.

ಒಂದು ಕೆಲಸ ಮಾಡು. ಬಂದು ಹೋದ ಕರೆಗಳನ್ನ ಎಲ್ಲಿ ನೋಡೋದು ಹೇಳು. ಮೊದಲು ಕೆಂಪು ಬಾಣ ಇರ್ತಿತ್ತು, ಈಗ ಹುಡುಕಿ ಹುಡುಕಿ ಸಾಕಾಯ್ತು. ಸಂಜೆ ಕ್ರೇನ್ ಓಡಿಸಿ ಇಳಿದ ಮೇಲೆ ಅಪ್ಪ ಮಾಡ್ತಾರಲ್ಲ, ಅದು ಅಪ್‌ಡೇಟ್ ಆದಾಗಿನಿಂದ ಬಂದ ಹಾಗಿಲ್ಲ. ಅವರಿರೋದು ಸೈಟಿನ ಹತ್ರ, ನಾನಿರೋದು ಇಲ್ಲಿ, ಇಳಿದ್ರೋ ಇಲ್ವೋ ಅಂತ ಗೊತ್ತಾಗ್ತಿಲ್ಲ. ನಾನಾಗಿ ಮಾಡೋ ಹಾಗಿಲ್ಲ, ಮೇಲೆ ಇರೋರಿಗೆ ಕೆಳಗಿನೋರು ಫೋನ್ ಮಾಡಬಾರದು ಅನ್ನೋದು ಅಮ್ಮನ ಕಾಲದ ಕಟ್ಟಪ್ಪಣೆ. ಕೊಕ್ಕೆಗೆ ಭಾರ ನೇತಾಡ್ತಿರುವಾಗ ಜೇಬಲ್ಲಿ ಫೋನ್ ಗುಂಯ್ ಅಂದ್ರೆ?

ಬೇಗ ಬರಿ.

ಅಕ್ಕ


ಮಾರ್ಚ್ 8, ಶನಿವಾರ

ಅಕ್ಕಾ,

ಆನೆ!!! ಹಹಹ ಸತ್ತೆ. ಬಳಗದಲ್ಲಿ ಹಾಕಿದೆ, ನಿನ್ನ ಹೆಸರಿಲ್ಲದೆ. ಎಲ್ಲರೂ 'ಅಕ್ಕನಿಗೆ ಪ್ಲಸ್ ಒನ್' ಅಂತಿದಾರೆ. ಹಲ್ಲಿನ ಸೆಟ್ಟಿನ ಹೋಲಿಕೇನೂ ಹಾಕಿದೆ. ಅದಕ್ಕೆ ಒಬ್ಬ ಬಂದು 'ಎರಡು ವಾರ ಬಳಸಿ, ಅಭ್ಯಾಸ ಆಗುತ್ತೆ' ಅಂತ ಬರೆದ. ಆ ಒಬ್ಬ ನಾನೇ ಅನ್ಕೋ. ಬದಲಾವಣೆ ಮೊದಲು ಚುಚ್ಚುತ್ತೆ ಅಕ್ಕಾ, ಆಮೇಲೆ ಹಳೇದು ನೋಡಿದ್ರೆ ನಗು ಬರುತ್ತೆ. ಗ್ಯಾರಂಟಿ.

ಕರೆಗಳ ಪಟ್ಟಿ: ಬಲಗಡೆ ಅಂಚಿನಿಂದ ಒಳಕ್ಕೆ ಸವರು, ಅರ್ಧಕ್ಕೆ ನಿಲ್ಲಿಸು, ಬೆರಳು ಎತ್ತಬೇಡ, ಸಣ್ಣಗೆ ನಡುಗುತ್ತೆ, ಆಗ ಮೇಲಕ್ಕೆ ತಳ್ಳು. ಬಂದಿದ್ದೆಲ್ಲ ಅಲ್ಲಿರುತ್ತೆ. ಅಲ್ಲಿ ಇಲ್ಲ ಅಂದ್ರೆ ಬಂದಿಲ್ಲ ಅಂತಾನೇ ಅರ್ಥ. ಸಿಸ್ಟಮ್ ಸುಳ್ಳು ಹೇಳಲ್ಲ.

ಅಪ್ಪಂದು ಯಾಕೆ ತಲೆ ಕೆಡಿಸ್ಕೊಳ್ತೀಯ? ಅವರ ಶಿಫ್ಟ್ ಬದಲಾಗಿರಬಹುದು. ದಿನಾ ಮಾತಾಡ್ತೀರಲ್ಲ ನೀವಿಬ್ಬರು, ಒಂದು ವಾರ ರಜ ತಗೊಳ್ಳಿ. ನನ್ನ ಜೊತೆ ತಿಂಗಳಿಗೊಂದು ಸಲಾನೂ ಮಾತಾಡಲ್ಲ ಅವರು.

ಮೋಟು


ಮಾರ್ಚ್ 10, ಸೋಮವಾರ

ಮೋಟು,

ಸವರಿದೆ, ನಿಲ್ಲಿಸಿದೆ, ನಡುಗಿತು, ತಳ್ಳಿದೆ. ಪಟ್ಟಿ ಸಿಕ್ತು. ಲೋನ್ ಬೇಕಾ ಅಂತ ಕೇಳೋರು ಇದಾರೆ, ಡಾಕ್ಟರ್ ಇದಾರೆ. ಅಪ್ಪ ಇಲ್ಲ.

ಅಂದ್ರೆ ಮಾಡಿಲ್ಲ. ನೀನೇ ಹೇಳಿದೀಯಲ್ಲ, ಸುಳ್ಳು ಹೇಳಲ್ಲ ಅಂತ.

ಸಂಜೆ ಆದ್ರೆ ಲ್ಯಾಬಿನ ತಾರಸಿಗೆ ಹೋಗ್ತಿದೀನಿ. ರೈಲು ಹಳಿಯ ಆಚೆ ಅವರು ಕಟ್ಟುತ್ತಿರೋ ಕಟ್ಟಡ ಕಾಣುತ್ತೆ, ಕ್ರೇನ್‌ಗಳೂ ಕಾಣ್ತವೆ. ಕ್ಯಾಬಿನ್‌ನ ದೀಪ ಆರಿದ್ರೆ ಇಳಿದರು ಅಂತ. ಆದ್ರೆ ಯಾವುದು ಅಪ್ಪಂದು ಅಂತ ಇಷ್ಟು ದೂರದಿಂದ ಗೊತ್ತಾಗಲ್ಲ. ಎಲ್ಲ ಆರೋ ತನಕ ನಿಲ್ತೀನಿ. ಕೆಳಗೆ ಮೇಣ ಗಟ್ಟಿಯಾಗಿ ಕೂತಿರುತ್ತೆ, ಲ್ಯಾಬಿನ ಯಜಮಾನರು 'ಏನಮ್ಮ, ನಕ್ಷತ್ರ ನೋಡ್ತೀಯಾ' ಅಂತಾರೆ.

ಹೊಸ ಸಿಸ್ಟಮ್ ಬಗ್ಗೆ ಇನ್ನೇನೂ ಹೇಳೋಕಿಲ್ಲ. ಚೆನ್ನಾಗಿದೆ.

ಅಕ್ಕ


ಮಾರ್ಚ್ 11, ಮಂಗಳವಾರ

ಅಕ್ಕಾ,

'ಚೆನ್ನಾಗಿದೆ' ಅಂತ ನೀನು ಬರೆದ್ರೆ ನನಗೆ ನಂಬಿಕೆ ಬರಲ್ಲ. ಬೈದ್ರೆ ಪರವಾಗಿಲ್ಲ. ಬೈಯಿ.

ಒಂದು ಒಳ್ಳೇ ಸುದ್ದಿ. ಅಪ್ಪ ಫೋನ್ ಮಾಡಿದ್ರು, ನನಗೆ! ನಿನ್ನೆ ಮಧ್ಯಾಹ್ನ. ಏನೋ ಆಗಿದೆ ಅಂತ ಹೆದರಿ ಎದ್ದು ನಿಂತೆ, ಕ್ಲಾಸಲ್ಲಿ ಎಲ್ಲರೂ ತಿರುಗಿ ನೋಡಿದ್ರು. ಆಚೆ ಹೋಗಿ ಎತ್ತಿದೆ.

"ಅಕ್ಕ ಚೆನ್ನಾಗಿದಾಳಾ?" ಅಂದ್ರು.

"ಓ, ಸೂಪರ್. ಯಾಕಪ್ಪಾ?"

"ಏನಿಲ್ಲ. ಮೈ ಹುಷಾರಿದೆ ತಾನೆ? ಕೆಲಸಕ್ಕೆ ಹೋಗ್ತಾಳೆ ತಾನೆ?"

"ದಿನಾ ಹೋಗ್ತಾಳೆ. ಫೋನ್ ಅಂದ್ರೆ ಮಾತ್ರ ಉರಿದು ಬೀಳ್ತಾಳೆ ಈಗ. ಮುಟ್ಟೋದೇ ಬೇಡ ಅಂತ ಕೂತಿದಾಳೆ."

ಹಿಂದೆ ಯಾರೋ 'ಎತ್ತು, ಎತ್ತು' ಅಂತ ಕೂಗ್ತಿದ್ರು. ಆಮೇಲೆ "ಹಂಗಾ. ಸರಿ ಬಿಡು. ನಾನೂ ಇನ್ನು ಕಾಟ ಕೊಡಲ್ಲ" ಅಂದು ಇಟ್ಟುಬಿಟ್ರು.

ಎಷ್ಟು ಅರ್ಥ ಮಾಡ್ಕೊಳ್ತಾರೆ ನೋಡು! ಸೋ ಸುಳಿವು ಸಿಕ್ತಲ್ಲ, ಅಪ್ಪ ಆರಾಮಾಗಿ ಇಳೀತಿದಾರೆ, ಹತ್ತುತ್ತಿದಾರೆ. ತಾರಸಿಗೆ ಹೋಗಬೇಡ, ಗಾಳಿ ಇರುತ್ತೆ.

ಮೋಟು


ಮಾರ್ಚ್ 12, ಬುಧವಾರ

ಲೋ ಮೋಟು,

ಏನೋ ಹೇಳಿದೆ ಅವರಿಗೆ? ಏನು ಹೇಳಿದೆ?! ನಿನ್ನ ಬಾಯಿಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೀಬೇಕು.

ನಾವು ಮಾತಾಡಲ್ಲ. ನಾನು, ಅಪ್ಪ. ದಿನಾನೂ ಇಲ್ಲ, ವಾರಕ್ಕೂ ಇಲ್ಲ. ಹೋದ ವರ್ಷದಿಂದ ಒಂದು ಮಾತಿಲ್ಲ. ನಿಂಗೆ ಹೇಳಿಲ್ಲ, ನೀನು ಪರೀಕ್ಷೆ ಬರೀತಿದ್ದೆ. ಆಮೇಲೆ ಹೇಳೋದು ಹೇಗೆ ಅಂತ ತಿಳೀಲಿಲ್ಲ.

ಅವರಿಗೆ ತಲೆ ಸುತ್ತು ಬರ್ತಿತ್ತು. ಮನೇಲಿ ನೀರಿನ ಲೋಟ ಇಡೋಕೆ ಹೋಗಿ ಮೇಜಿನ ಪಕ್ಕ ಇಟ್ರು. ಅಂಥ ಮನುಷ್ಯ ಅಷ್ಟೆತ್ತರದಲ್ಲಿ ಕೂತು, ಜನರ ತಲೆ ಮೇಲೆ ಕಾಂಕ್ರೀಟ್ ತೂಗಾಡಿಸ್ತಾರೆ. ಹೇಳಿದೆ, ಕೇಳಲಿಲ್ಲ. ನೇರ ಅವರ ಸೈಟ್ ಇಂಜಿನಿಯರ್ ಹತ್ರ ಹೋದೆ. ಅವರು ಅಪ್ಪನ್ನ ಕೆಳಗಿಳಿಸಿ ಗೇಟಿನಲ್ಲಿ ಕೂರಿಸಿದ್ರು, ಡಾಕ್ಟರ್ ನೋಡೋ ತನಕ. ಕಿವಿಯೊಳಗೆ ಏನೋ ತೊಂದರೆ, ಮಾತ್ರೆ ಕೊಟ್ರು, ಸರಿಹೋಯ್ತು, ಮತ್ತೆ ಹತ್ತಿದ್ರು. ಆದ್ರೆ ಜೊತೆಯವರ ಮುಂದೆ ಗೇಟಲ್ಲಿ ಕೂತಿದ್ದು ಅವರಿಗೆ ಗಂಟಲಲ್ಲಿ ಇಳೀಲಿಲ್ಲ. "ನನ್ನ ಬೆನ್ನ ಹಿಂದೆ ಹೋದ್ಯಲ್ಲ" ಅಂದ್ರು, ಮಾತು ಬಿಟ್ರು. ನಾನು ಮಾಡಿದ್ದು ತಪ್ಪು ಅಂತ ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸಲ್ಲ. ಅದಕ್ಕೇ ನಾನೂ ಸೋಲಲಿಲ್ಲ.

ಆದ್ರೆ ರಿಂಗ್ ನಿಲ್ಲಿಸಲಿಲ್ಲ ಕಣೋ. ಅಮ್ಮ ಇದ್ದಾಗ ಕ್ರೇನ್ ಇಳಿದ ತಕ್ಷಣ ಒಂದು ರಿಂಗ್ ಕೊಟ್ಟು ಕಟ್ ಮಾಡ್ತಿದ್ರಲ್ಲ, 'ಇಳಿದೆ' ಅಂತ. ಅಮ್ಮ ಒಂದು ವಾಪಸ್ ಕೊಡ್ತಿದ್ರು, 'ಆಯ್ತು' ಅಂತ. ಅಮ್ಮ ಹೋದ ಮೇಲೆ ಅದು ನನಗೆ ಬರೋಕೆ ಶುರು ಆಯ್ತು. ಜಗಳ ಆಡಿದ ದಿನಾನೂ ಬಂತು. ಪ್ಲಾಸ್ಟರ್ ಕೈಲೇ ಗೆಣ್ಣಲ್ಲಿ ಒತ್ತಿ ನಾನೂ ಒಂದು ಕೊಟ್ಟೆ. ಅಷ್ಟೇ ನಮ್ಮಿಬ್ಬರ ನಡುವೆ ಉಳಿದಿದ್ದು. ಎತ್ತಿದ್ರೆ ಮಾತಾಡಬೇಕಾಗುತ್ತೆ ಅಂತ ಇಬ್ಬರೂ ಎತ್ತುತ್ತಿರಲಿಲ್ಲ.

ಈಗ ಅವರು ಯಾಕೆ ನಿಲ್ಲಿಸಿದ್ರು? ನಿಲ್ಲಿಸಿದವರು ನಿಂಗೆ ಫೋನ್ ಮಾಡಿ ನಾನು ಚೆನ್ನಾಗಿದೀನಾ ಅಂತ ಯಾಕೆ ಕೇಳಿದ್ರು? 'ಕಾಟ ಕೊಡಲ್ಲ' ಅಂದ್ರೆ ಏನು? ಇವತ್ತು ಒಂದು ಕೆಳಗಿನ ಸೆಟ್ ಒಡೆದೆ.

ಫೋನ್ ಗೊತ್ತಿರೋನು ನೀನು. ಏನಾಗಿದೆ ಅಂತ ಹುಡುಕು. ಹಾಡಿ ಹೊಗಳೋದು ಆಮೇಲೆ.

ಅಕ್ಕ


ಮಾರ್ಚ್ 13, ಗುರುವಾರ

ಅಕ್ಕಾ,

ನಾನು.

ನಾನೇ ಅಕ್ಕಾ. ಜರಡಿ. ನಿನ್ನ ಪತ್ರ ಓದಿ ಅರ್ಧಕ್ಕೆ ಬರೋಷ್ಟರಲ್ಲಿ ಕಿವಿ ಬಿಸಿ ಆಯ್ತು. ಗೆಳೆಯನ ಫೋನಿಂದ ನನ್ನ ಫೋನಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡಿಸಿದೆ. ಏನೂ ಇಲ್ಲ. ಬೆಳಕಿಲ್ಲ, ಸದ್ದಿಲ್ಲ, ಪಟ್ಟಿಯಲ್ಲೂ ಇಲ್ಲ. ಮೊದಲೆರಡು ರಿಂಗ್ ಒಳಗೇ ನುಂಗುತ್ತೆ. ಅದಾದ ಮೇಲೂ ಕಟ್ ಆಗದೆ ಇದ್ರೆ ಮಾತ್ರ ನಿಜವಾದ ಕರೆ ಅಂತ ನಂಬಿ ಬಾರಿಸುತ್ತೆ.

ಗೊತ್ತಿರೋ ನಂಬರನ್ನಾದ್ರೂ ಬಿಡಬಾರದಿತ್ತಾ ಅಂತ ಕೇಳ್ತೀಯ. ನನ್ನ ಥ್ರೆಡ್ ತೆಗೆದು ನೋಡಿದೆ. 'ಸೇವ್ ಮಾಡಿದ ನಂಬರ್ ಆದ್ರೂ ಬಿಡಬೇಡಿ, ಕಳ್ಳರು ನಂಬರ್ ನಕಲು ಮಾಡ್ತಾರೆ. ಈ ಕಾಲದಲ್ಲಿ ಒಂದು ರಿಂಗ್ ಕೊಟ್ಟು ಕಟ್ ಮಾಡೋ ಒಳ್ಳೆಯವರು ಯಾರಿದ್ದಾರೆ?' ಅಂತ ಬರೆದಿದೀನಿ. ಕೊನೇಲಿ ಕಣ್ಣು ಹೊಡೆಯೋ ಮುಖ. ರಾಶಿ ಲೈಕು.

ಅಮ್ಮನ ರಿಂಗ್ ನನಗೆ ನೆನಪಿತ್ತು ಅಕ್ಕಾ. ಅಮ್ಮನ ಜೊತೆ ಹೋಯ್ತು ಅನ್ಕೊಂಡಿದ್ದೆ. ನೀವು ಮಾತಾಡ್ತೀರ ಅನ್ಕೊಂಡಿದ್ದೆ.

ಅಪ್ಪ ದಿನಾ ಕೊಟ್ಟಿರ್ತಾರೆ. ನೀನು ವಾಪಸ್ ಕೊಟ್ಟಿಲ್ಲ. ಮೇಲಿಂದ ನಾನು ಬೇರೆ 'ಮುಟ್ಟೋದೇ ಬೇಡ ಅಂತ ಕೂತಿದಾಳೆ' ಅಂದೆ. ನಾನು ಅಪ್ಪಂಗೆ ಈಗಲೇ ಹೇಳಲಾ? ಬೇಡ್ವಾ? ಹೇಳಿದ್ರೆ ಇನ್ನೇನಾದ್ರೂ ಕೆಡಿಸ್ತೀನೇನೋ. ನೀನು ಹೇಳೋ ತನಕ ಬಾಯಿ ಬಿಡಲ್ಲ. ಬೇಗ ಬರಿ. ಒಂದು ಬೈಗುಳ ಆದ್ರೂ ಬರಿ.

ಮೋಟು


ಮಾರ್ಚ್ 15, ಶನಿವಾರ

ಮೋಟು,

ನಿನ್ನ ಪತ್ರ ಓದಿದ್ದು ನಿನ್ನೆ. ಅದಕ್ಕೂ ಮೊದಲೇ, ಗುರುವಾರ ಸಂಜೆ, ನಾನು ತಾರಸಿಗೆ ಹೋಗದೆ ಬಸ್ ಹತ್ತಿದೆ. ಹಳಿ ದಾಟಿ, ಅಪ್ಪನ ಸೈಟಿಗೆ.

ಗೇಟಿನ ಎದುರು, ರಸ್ತೆ ಈಚೆ, ಕಬ್ಬಿಣದ ಸರಳು ತುಂಬಿದ ಲಾರಿ ನಿಂತಿತ್ತು. ಅದರ ಮರೆಗೆ ನಿಂತೆ, ಕಳ್ಳರ ಥರ. ಅವರು ಸರಿಯಾಗಿ ಇಳಿದು ಬಂದ್ರೆ ಸಾಕು, ನೋಡ್ಕೊಂಡು ವಾಪಸ್ ಹೋಗ್ತೀನಿ ಅಂತ ಲೆಕ್ಕ ಹಾಕಿದ್ದೆ.

ಇಳಿದು ಬಂದ್ರು. ತೆಳ್ಳಗಾಗಿದಾರೆ ಕಣೋ. ಹೆಲ್ಮೆಟ್ ತೆಗೆದು ತಲೆ ಕೆರ್ಕೊಂಡು, ಜೋಡಿಸಿಟ್ಟ ಇಟ್ಟಿಗೆ ಮೇಲೆ ಕೂತ್ರು. ಫೋನ್ ತೆಗೆದ್ರು. ನೋಡಿದ್ರು. ಜೇಬಿಗೆ ಹಾಕಿದ್ರು. ಪಕ್ಕದವನು ಏನೋ ಅಂದ, ತಲೆ ಅಲ್ಲಾಡಿಸಿದ್ರು. ಅವನು ಹೋದ ಮೇಲೆ ಮತ್ತೆ ತೆಗೆದ್ರು. ಕಣ್ಣಿಂದ ದೂರ ಹಿಡಿದು ಒತ್ತಿ, ಕಿವಿಗಿಟ್ಟು, ತಕ್ಷಣ ಕಟ್ ಮಾಡಿದ್ರು.

ನನ್ನ ಫೋನ್ ನನ್ನ ಅಂಗೈಲೇ ಇತ್ತು. ಬೆಳಕು ಬರಲಿಲ್ಲ, ಅಲುಗಲೂ ಇಲ್ಲ. ಸತ್ತ ಮೀನಿನ ಥರ ಬಿದ್ದಿತ್ತು.

ಕಾಟ ಕೊಡಲ್ಲ ಅಂದ ಮನುಷ್ಯ, ರಿಂಗ್ ಕೊಟ್ಟು, ಫೋನನ್ನ ತೊಡೆ ಮೇಲೆ ಇಟ್ಕೊಂಡು ಅದನ್ನೇ ನೋಡ್ತಾ ಕೂತಿದಾರೆ. ವಾಪಸ್ ಬರುತ್ತಾ ಅಂತ. ಎಷ್ಟು ಸಂಜೆ ಹಿಂಗೆ ಕೂತಿದ್ರೋ.

ನಾನು ಮಾಡೋಣ ಅಂತ ಹೋದ್ರೆ ಅಲ್ಲೂ ನಿನ್ನ ತಂಗಾಳಿ ಬಿಡಲಿಲ್ಲ. ಅಪ್ಪನ ಹೆಸರು ಒತ್ತಿದ್ರೆ ಫೋಟೋ ದೊಡ್ಡದಾಯ್ತು. ಇನ್ನೊಂದು ಸಲ ಒತ್ತಿದ್ರೆ 'ಇವರ ಜೊತೆಗಿನ ಮಧುರ ನೆನಪುಗಳು' ಅಂತ ಏನೋ ಶುರು ಆಯ್ತು, ಸಂಗೀತ ಸಮೇತ! ಅಷ್ಟರಲ್ಲಿ ಅಪ್ಪ ಎದ್ದು ಪ್ಯಾಂಟಿನ ಧೂಳು ಕೊಡವ್ತಿದಾರೆ. ನಾನು ಲಾರಿ ಹಿಂದೆ ಸವರ್ತಿದೀನಿ, ತಳ್ತಿದೀನಿ, ಬೈತಿದೀನಿ. ಲಾರಿಯವನು ಇಣುಕಿ "ಏನ್ ಮೇಡಂ, ಹ್ಯಾಂಗ್ ಆಯ್ತಾ?" ಅಂದ. "ನಾನಾ, ಫೋನಾ?" ಅಂದೆ.

ಹೋಯ್ತು ಕರೆ. ಅಪ್ಪ ಹೆಜ್ಜೆ ನಿಲ್ಲಿಸಿದ್ರು. ಸ್ಕ್ರೀನ್ ನೋಡಿದ್ರು. ಮುಖ ಹೇಗಾಯ್ತು ಅಂತ ಬರೆಯೋಕೆ ಬರಲ್ಲ ನನಗೆ. ಎತ್ತಲಿಲ್ಲ. ಕಟ್ ಆಗ್ಲಿ ಅಂತ ಕಾಯ್ತಿದಾರೆ, ನಮ್ಮ ಪದ್ಧತಿ ಅದೇ ತಾನೆ. ನಾನು ಕಟ್ ಮಾಡಲಿಲ್ಲ. ಇನ್ನೊಂದು ರಿಂಗ್ ಆಯ್ತು. ಮತ್ತೊಂದು. ಗಾಬರಿಯಾದ್ರು ಪಾಪ, ಅತ್ತ ಇತ್ತ ನೋಡಿದ್ರು, ಎತ್ತಿಬಿಟ್ರು.

"ಯಾಕಮ್ಮ, ಕಟ್ ಮಾಡ್ಲಿಲ್ಲ? ಏನಾಯ್ತು?"

ವರ್ಷದ ಮೇಲೆ ಮೊದಲ ಮಾತು ಅದು. ನಾನು ಎಷ್ಟೆಲ್ಲ ಮಾತು ಜೋಡಿಸಿಟ್ಟಿದ್ದೆ ಗೊತ್ತಾ? ಬಾಯಿಗೆ ಬಂದಿದ್ದು "ಫೋನ್ ಹಾಳಾಗಿದೆ ಅಪ್ಪ. ನಿಮ್ಮ ರಿಂಗ್ ಬರ್ತಿಲ್ಲ."

"ಓ," ಅಂದ್ರು. ಮತ್ತೆ "ಓ," ಅಂದ್ರು. "ನಾನು ಬೇರೆ ಏನೋ ಅನ್ಕೊಂಡೆ."

"ನಾನೂ ಅನ್ಕೊಂಡೆ."

ಆ ಲಾರಿಯವನು ಸರಿಯಾಗಿ ಅದೇ ಹೊತ್ತಿಗೆ ಹಾರ್ನ್ ಹೊಡೆದ. ಅಪ್ಪನ ಒಂದು ಕಿವಿಗೆ ಫೋನಿಂದ ಕೇಳಿಸ್ತು, ಇನ್ನೊಂದಕ್ಕೆ ರಸ್ತೆಯಿಂದ. ತಿರುಗಿದ್ರು. ಲಾರಿ ಮುಂದಕ್ಕೆ ಹೋಯ್ತು, ನಾನು ಬಯಲಲ್ಲಿ ನಿಂತಿದ್ದೆ, ಕೈಲಿ ಫೋನ್ ಹಿಡ್ಕೊಂಡು, ಮೈಯೆಲ್ಲ ಪ್ಲಾಸ್ಟರ್ ಪುಡಿ.

ಇಬ್ಬರೂ ಕಿವಿಯಿಂದ ಫೋನ್ ತೆಗೀಲಿಲ್ಲ. ರಸ್ತೆ ದಾಟೋ ತನಕ ಅದರಲ್ಲೇ ಮಾತಾಡಿದ್ವಿ. "ಬಲಗಡೆ ನೋಡ್ಕೊಂಡು ಬಾ" ಅಂದ್ರು.

ಅಕ್ಕ


ಮಾರ್ಚ್ 16, ಭಾನುವಾರ

ಅಕ್ಕಾ,

ಓದಿ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತಿದ್ದೆ ಸುಮಾರು ಹೊತ್ತು.

ಬಳಗದಲ್ಲಿ ಹೊಸ ಥ್ರೆಡ್ ಹಾಕಿದೀನಿ, 'ನನ್ನ ಸಲಹೆ ವಾಪಸ್ ತಗೊಳ್ಳಿ' ಅಂತ. ಹಳೇ ಗೆಳೆಯರೆಲ್ಲ ಬಂದು ಉಗೀತಿದಾರೆ. 'ರಿಂಗ್ ಕೊಟ್ಟು ಕಟ್ ಮಾಡೋರಿಗೆ ಮೆಸೇಜ್ ಕಳಿಸೋಕೆ ಹೇಳು' ಅಂತಿದಾನೆ ಒಬ್ಬ. ಅವನ ಜೊತೆ ಜಗಳ ನಡೀತಿದೆ, ಊಟ ಬಿಟ್ಟು ಆಡ್ತಿದೀನಿ.

ನಿನಗೆ ಮಾತ್ರ ಈಗಲೇ ಸರಿ ಮಾಡ್ಕೋಬಹುದು. ಸೆಟ್ಟಿಂಗ್ಸ್, ಅಲ್ಲಿ 'ನೆಮ್ಮದಿ', ಅದರೊಳಗೆ 'ಕರೆಗಳ ನೆಮ್ಮದಿ', ತೀರಾ ಕೆಳಗೆ 'ಚಿಕ್ಕ ಕರೆಗಳನ್ನು ತಡೆ'. ಆಫ್ ಮಾಡು. ಅಪ್ಪನ ಒಂದು ರಿಂಗ್ ಮೊದಲಿನ ಹಾಗೇ ಬರುತ್ತೆ. ಅಪ್ಪನ ಫೋನಿಗೂ ಇನ್ನೇನು ತಂಗಾಳಿ ಬರುತ್ತೆ, ಅವರಿಗೂ ಹೇಳ್ಕೊಡ್ಲಾ?

ಮೋಟು


ಮಾರ್ಚ್ 18, ಮಂಗಳವಾರ

ಮೋಟು,

'ನೆಮ್ಮದಿ' ಸಿಕ್ತು, ಅದರೊಳಗಿನ ನೆಮ್ಮದಿನೂ ಸಿಕ್ತು. ಬೆರಳು ಆ ಬಟನ್ ಮೇಲೇ ಇಟ್ಟಿದ್ದೆ. ಆಫ್ ಮಾಡಲಿಲ್ಲ.

ಅಪ್ಪನ ಫೋನಿಗೂ ನಿನ್ನೆ ಬಂತು. ಸಂಜೆ ಪೂರ್ತಿ ಫೋನಲ್ಲಿ ಅದೇ ಪುರಾಣ. "ಗಡಿಯಾರ ಎಡಕ್ಕೆ ಹೋಗಿದೆ, ಯಾರನ್ನ ಕೇಳಿ ಹೋಯ್ತು ಅದು?" ಅಂತಾರೆ. ನಾನು ಹವಾಮಾನದ ಕಥೆ ಹೇಳಿದೆ. "ನನಗೂ ತೋರಿಸುತ್ತೆ, ಗಾಳಿ ಜೋರಿದೆ ಅಂತ. ಮೇಲೆ ಕೂತವನಿಗೆ ಹೇಳುತ್ತೆ ಇದು!" ಅಂದ್ರು. ಆನೆ ವಿಷಯ ಹೇಳಿದೆ. ನಕ್ಕಿದ್ದು ಕೇಳಿಸ್ಕೊಂಡೆ. ತಲೆ ಸುತ್ತಿನ ಮಾತು ಇನ್ನೂ ಎತ್ತಿಲ್ಲ, ಅವರೂ ಎತ್ತಿಲ್ಲ. ಒಂದಿನ ಎತ್ತಬೇಕು. ಅವತ್ತು ಮತ್ತೆ ಜಗಳ ಆಗುತ್ತೇನೋ. ಸದ್ಯಕ್ಕೆ ಬೈಯೋಕೆ ನಿಮ್ಮ ಫೋನ್ ಕಂಪನಿ ಇದೆ.

ಅವರಿಗೆ ಆ ಬಟನ್ ಹೇಳ್ಕೊಡಬೇಡ. ಫೋನ್ ಸರಿಹೋಯ್ತು ಅಂತ ಗೊತ್ತಾದ್ರೆ ಮತ್ತೆ ಒಂದೇ ರಿಂಗಿಗೆ ಕಟ್ ಮಾಡ್ತಾರೆ, ಅವರ ಬುದ್ಧಿ ನನಗೆ ಗೊತ್ತು. ನನ್ನ ಬುದ್ಧಿನೂ ಗೊತ್ತು. ನಿನ್ನ ಥ್ರೆಡ್ ನಡೀಲಿ, ಬೇರೆಯವರಿಗೆ ಬೇಕು ಅದು. ನಮ್ಮಿಬ್ಬರದ್ದು ಹಾಳಾಗೇ ಇರಲಿ.

ಒಂದೇ ತೊಂದರೆ. ಮೊದಲು ಕೈಲಿ ಪ್ಲಾಸ್ಟರ್ ಇದ್ರೂ ನಡೀತಿತ್ತು, ಗೆಣ್ಣಲ್ಲಿ ಒತ್ತಿದ್ರೆ ಮುಗೀತು. ಈಗ ಮಾತಾಡೋಕೆ ಎತ್ತಿ ಕಿವಿಗೆ ಹಿಡ್ಕೋಬೇಕಲ್ಲ. ಅದಕ್ಕೇ ಬಿಸಿಲು ಇಳಿಯೋ ಮೊದಲೇ ಕೆಲಸ ಸರಿಸಿಡ್ತೀನಿ. ಯಜಮಾನರು ಗೊಣಗ್ತಿದಾರೆ.

ಕ್ರೇನಿನ ದೀಪ ಆರೋ ಹೊತ್ತಾಯ್ತು. ಕೈ ತೊಳ್ಕೊಂಡು ಕೂತಿದೀನಿ.

ಅಕ್ಕ